ಆತಿಥ್ಯವಿಕ್ರಯ

ಅನ್ನವನ್ನೂ ಆಶ್ರಯವನ್ನೂ ಹಣಕ್ಕೆ ಕೊಡುವವನು ಆತಿಥೇಯನೆಂಬ ಹೆಸರಿಗೆ ಅರ್ಹನೇ? ಅಥವಾ ಹಣವು ಕೈಯಿಂದ ಕೈಗೆ ದಾಟಿದೊಡನೆ ಆತಿಥ್ಯವೆಂಬ ಧರ್ಮವು ಅಳಿದು, ವ್ಯಾಪಾರವೊಂದೇ ಉಳಿಯುವುದೇ? ಮಾರುವ ಪದಾರ್ಥವು ಅನ್ನವಾಗಿರುವಾಗಲೇ ಈ ಪ್ರಶ್ನೆಯು ಕಠಿನವಾಗಿದೆ. ಅದು ಮದ್ಯವಾದರೆ ಮತ್ತೂ ಕಠಿನವಾಗುತ್ತದೆ. ಇಂತಹ ವಿಷಯವನ್ನು ಬರಿಯ ಶಬ್ದಗಳಿಂದ ಚರ್ಚಿಸುವುದಕ್ಕಿಂತ ಒಂದು ದೃಷ್ಟಾಂತವನ್ನು ಹಿಡಿದು ವಿಚಾರಿಸುವುದು ಲೇಸು. ಲಂಡನ್ ನಗರದ ಪಕ್ಕದಲ್ಲಿ ಐನೂರು ವರ್ಷಗಳಿಗೂ ಮಿಗಿಲಾಗಿ ನಡೆದು, 1873ರಲ್ಲಿ ನೆಲಸಮವಾದ ಟ್ಯಾಬರ್ಡ್ ಎಂಬ ಪಾನಗೃಹವೂ ಅದರ ಯಜಮಾನರೂ ಇದಕ್ಕೆ ತಕ್ಕ ದೃಷ್ಟಾಂತವಾಗಿದ್ದಾರೆ. ಆ ಮನೆಯು ಇಂಗ್ಲೆಂಡಿನ ಆದಿಕವಿಯೆನ್ನಬಹುದಾದ ಚಾಸರನ ಕಾವ್ಯದಲ್ಲಿ ಸೇರಿರುವುದರಿಂದ, ಕಲ್ಲುಮರಗಳೆಲ್ಲ ಹೋದ ಮೇಲೆಯೂ ಅದರ ಯಜಮಾನನ ನಡತೆಯು ಪರೀಕ್ಷೆಗೆ ಸಿಕ್ಕುತ್ತದೆ.

ಥೇಮ್ಸ್ ನದಿಯ ಉತ್ತರದ ದಡದಲ್ಲಿ ಲಂಡನ್ ಪಟ್ಟಣ. ದಕ್ಷಿಣದ ದಡದಲ್ಲಿ ಸದರ್ಕ್ ಎಂಬ ಪೇಟೆ. ದಕ್ಷಿಣ ದೇಶದಿಂದ ಬರುವವರೂ ಅತ್ತ ಹೊರಡುವವರೂ ಲಂಡನ್ ಸೇತುವೆಯನ್ನೇ ದಾಟಬೇಕಾಗಿದ್ದಿತು. ಆದಕಾರಣ ಸದರ್ಕಿನ ಹೆದ್ದಾರಿಯ ಇಕ್ಕೆಲಗಳಲ್ಲಿಯೂ ಊಟ, ಪಾನ, ವಸತಿ, ಕುದುರೆಲಾಯ ಇವೆಲ್ಲವೂ ಒಂದೇ ಅಂಗಳದಲ್ಲಿ ದೊರೆಯುವ ಮನೆಗಳು ಸಾಲಾಗಿ ನಿಂತವು. 14ನೆಯ ಶತಮಾನದ ಆದಿಯಲ್ಲಿ ವಿಂಚೆಸ್ಟರಿನ ಬಳಿಯ ಹೈಡ್ ಮಠದ ಅಧಿಪತಿಗಳು ಇಲ್ಲಿ ಸ್ಥಳವನ್ನು ಸಂಪಾದಿಸಿ, ತಮ್ಮ ಬಿಡಾರಕ್ಕೆ ಒಂದು ಮನೆಯನ್ನೂ ಅದರ ಮಗ್ಗುಲಲ್ಲಿ ಪ್ರಯಾಣಿಕರಿಗಾಗಿ ಒಂದು ವಸತಿಗೃಹವನ್ನೂ ಮಾಡಿಸಿದರು. ಟ್ಯಾಬರ್ಡ್ ಎಂದರೆ ತೋಳಿಲ್ಲದ, ಎರಡು ಪಕ್ಕಗಳಲ್ಲಿಯೂ ತೆರೆದಿರುವ ಒಂದು ಬಗೆಯ ಮೇಲಂಗಿ. ಮೊದಲು ಸರದಾರರು ಯುದ್ಧದಲ್ಲಿ ತೊಡುತ್ತಿದ್ದುದು, ಅನಂತರ ರಾಜದೂತರಿಗೆ ಮಾತ್ರ ಉಳಿಯಿತು. ಅಕ್ಷರ ಬಾರದ ಜನರೂ ಗುರುತಿಸುವಂತೆ ಆ ಅಂಗಿಯ ಚಿತ್ರವನ್ನೇ ಬಾಗಿಲಿಗೆ ತೂಗುಹಾಕಿದ್ದರಿಂದ ಮನೆಗೆ ಅದೇ ಹೆಸರಾಯಿತು. ಮದ್ಯವನ್ನು ಮಾರುವ ಮನೆಯ ಒಡೆತನವು ಮಠದ್ದಾಗಿತ್ತೆಂಬುದು ಕನ್ನಡದ ವಾಚಕರಿಗೆ ಆಶ್ಚರ್ಯವಾಗಬಹುದು. ಆದರೆ ಯವಧಾನ್ಯದಿಂದ ಮಾಡಿದ ಏಲ್ ಎಂಬ ಪಾನೀಯವು ಆ ಕಾಲದ ಇಂಗ್ಲೆಂಡಿನಲ್ಲಿ ಎಲ್ಲರ ನಿತ್ಯಾಹಾರದ ಒಂದು ಭಾಗವೇ ಆಗಿದ್ದಿತು. ರೊಟ್ಟಿಗೂ ಏಲಿಗೂ ಧಾನ್ಯದ ಧಾರಣೆಯನ್ನನುಸರಿಸಿ ಬೆಲೆಯನ್ನು ಕಟ್ಟುವ ರಾಜಶಾಸನವು 13ನೆಯ ಶತಮಾನದಲ್ಲಿಯೇ ಹುಟ್ಟಿತು. ಅಳತೆಯಲ್ಲಿ ಮೋಸಮಾಡಿದವರಿಗೆ ದಂಡವಿದ್ದಿತು.

ಈ ಮನೆಯಿಂದ ಹೊರಡುವವರಲ್ಲಿ ಯಾತ್ರಿಕರು ಹಲವರು. 1170ರಲ್ಲಿ ಕ್ಯಾಂಟರ್ಬರಿಯ ದೇವಾಲಯದಲ್ಲಿ ಕೊಲೆಗೀಡಾದ ಧರ್ಮಾಧಿಕಾರಿ ಥಾಮಸ್ ಬೆಕೆಟನು ಮೂರು ವರ್ಷಗಳಲ್ಲಿಯೇ ಸಂತನೆಂದು ಘೋಷಿತನಾದನು. ಅವನ ಸಮಾಧಿಯ ದರ್ಶನಕ್ಕೆ ಹೋಗುವವರು ಸದರ್ಕಿನಲ್ಲಿ ರಾತ್ರಿಯನ್ನು ಕಳೆದು ಬೆಳಗ್ಗೆ ಹೊರಡುವುದು ರೂಢಿಯಾಯಿತು. ಚಾಸರನ ಕಾವ್ಯದ ಯಾತ್ರಿಕರು ಕೂಡುವುದು ಟ್ಯಾಬರ್ಡಿನಲ್ಲಿ. ಅವರನ್ನು ಎದುರುಗೊಳ್ಳುವ ಯಜಮಾನನ ಹೆಸರು ಹ್ಯಾರಿ ಬೇಲಿ. ಇವನು ಕವಿಯ ಕಲ್ಪನೆಯಿಂದ ಮಾತ್ರ ಹುಟ್ಟಿದವನಲ್ಲ. ಆ ಹೆಸರಿನವನೊಬ್ಬನು 1370ರ ದಶಕದಲ್ಲಿ ಎರಡು ಸಲ ಸದರ್ಕಿನ ಪ್ರತಿನಿಧಿಯಾಗಿ ಪಾರ್ಲಿಮೆಂಟಿಗೆ ಹೋಗಿದ್ದನು. 1380-81ರ ತೆರಿಗೆಯ ಪಟ್ಟಿಯಲ್ಲಿ ವಸತಿಗೃಹದವನೆಂಬ ವೃತ್ತಿನಾಮದೊಡನೆ ಅವನ ಹೆಸರೂ, ಕ್ರಿಶ್ಚಿಯನ್ ಎಂಬ ಅವನ ಹೆಂಡತಿಯ ಹೆಸರೂ ದಾಖಲಾಗಿವೆ. ಆದರೆ ದಾಖಲೆಯ ಮನುಷ್ಯನು ಬೇರೆ, ಕಾವ್ಯದ ಮನುಷ್ಯನು ಬೇರೆ. ಧರ್ಮವಿಚಾರಕ್ಕೆ ಇಲ್ಲಿ ಕಾವ್ಯದವನೇ ವಿಷಯನು.

ಕಾವ್ಯದ ಹ್ಯಾರಿ ಬೇಲಿಯು ದೊಡ್ಡ ಮೈಯವನು, ದಿಟ್ಟ ಮಾತಿನವನು, ನಗೆಗಾರನು. ಬಂದವರಿಗೆಲ್ಲ ಒಳ್ಳೆಯ ಊಟವನ್ನೂ ಬಲವಾದ ಮದ್ಯವನ್ನೂ ಬಡಿಸುತ್ತಾನೆ. ಊಟವಾದ ಮೇಲೆ ಒಂದು ಸೂಚನೆಯನ್ನು ಮುಂದಿಡುತ್ತಾನೆ: ಹೋಗುವಾಗ ಎರಡು, ಬರುವಾಗ ಎರಡರಂತೆ ಪ್ರತಿಯೊಬ್ಬರೂ ಕಥೆಗಳನ್ನು ಹೇಳಬೇಕು, ಉತ್ತಮವಾದ ಕಥೆಯನ್ನು ಹೇಳಿದವರಿಗೆ ಹಿಂದಿರುಗಿದ ಮೇಲೆ ಉಳಿದವರೆಲ್ಲರ ಖರ್ಚಿನಲ್ಲಿ ಇದೇ ಮನೆಯಲ್ಲಿ ಊಟವಾಗಬೇಕು, ತಾನು ಸ್ವಂತ ಖರ್ಚಿನಿಂದ ಜೊತೆಗೆ ಬಂದು ದಾರಿಯನ್ನು ತೋರಿಸಿ ತೀರ್ಪನ್ನು ಕೊಡುವನು, ತೀರ್ಪಿಗೆ ಎದುರು ಹೇಳಿದವರು ದಾರಿಯ ಖರ್ಚನ್ನೆಲ್ಲ ತೆರಬೇಕು. ಎಲ್ಲರೂ ಸಂತೋಷದಿಂದ ಒಪ್ಪುತ್ತಾರೆ. ಇಲ್ಲಿ ಕವಿಯು ಹೇಳುವ ಒಂದು ಸಣ್ಣ ಸಂಗತಿಯನ್ನು ಗಮನಿಸತಕ್ಕದ್ದು. ಯಜಮಾನನು ಈ ಮಾತನ್ನು ಎತ್ತುವುದು ಯಾತ್ರಿಕರು ತಮ್ಮ ಲೆಕ್ಕವನ್ನು ಚುಕ್ತಾಮಾಡಿದ ಮೇಲೆ. ಅಂದರೆ, ಕೊಡುವ ಕೊಳ್ಳುವ ಸಂಬಂಧವು ನ್ಯಾಯವಾಗಿ ಮುಗಿದ ಮೇಲೆ ಇನ್ನೊಂದು ಸಂಬಂಧವು ಆರಂಭವಾಗುತ್ತದೆ. ಆ ಎರಡನೆಯದು ಏನು ಎಂಬುದೇ ಪ್ರಕೃತ ಪ್ರಶ್ನೆ.

ಇದಕ್ಕೆ ಪೂರ್ವಪಕ್ಷವು ಬಲವಾಗಿಯೇ ಇದೆ. ಗೃಹಸ್ಥನ ಪಂಚಮಹಾಯಜ್ಞಗಳಲ್ಲಿ ಅತಿಥಿಪೂಜೆಯು ಒಂದು. ಯಜ್ಞವನ್ನು ಮಾರುವುದು ಎಲ್ಲಿಯೂ ಇಲ್ಲ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯು ಅತಿಥಿಯನ್ನು ದೇವರೆಂದು ಭಾವಿಸಲು ವಿಧಿಸುತ್ತದೆ. ದೇವರ ಮುಂದೆ ಲೆಕ್ಕದ ಚೀಟಿಯನ್ನು ಹಿಡಿಯುವವರುಂಟೇ? ಮನುಸ್ಮೃತಿಯ 10ನೆಯ ಅಧ್ಯಾಯವು ಆಪತ್ಕಾಲದಲ್ಲಿ ವ್ಯಾಪಾರಕ್ಕಿಳಿದ ಬ್ರಾಹ್ಮಣನು ಮಾರಬಾರದ ಪದಾರ್ಥಗಳಲ್ಲಿ ಬೇಯಿಸಿದ ಅನ್ನವನ್ನೂ ಎಣಿಸುತ್ತದೆ. ಹ್ಯಾರಿ ಬೇಲಿಯ ಉಲ್ಲಾಸವೂ ನಿಸ್ವಾರ್ಥವಾದುದಲ್ಲ. ಪಂದ್ಯವನ್ನು ಯಾರು ಗೆದ್ದರೂ ಊಟವು ಅವನ ಮನೆಯಲ್ಲಿ, ಹಣವು ಅವನ ಪೆಟ್ಟಿಗೆಗೆ. ತೀರ್ಪುಗಾರನೇ ಲಾಭವನ್ನು ಹೊಂದುವ ನ್ಯಾಯಸ್ಥಾನವು ಎಂತಹ ನ್ಯಾಯಸ್ಥಾನ? ಆದ್ದರಿಂದ ಅವನ ನಗೆಯು ಬಲೆಯ ಮೇಲೆ ಚೆಲ್ಲಿದ ಕಾಳಿನಂತೆ. ಅದನ್ನು ಆತಿಥ್ಯವೆನ್ನುವುದು ಶಬ್ದಾಪಚಾರ. ಹೀಗೆಂದು ಪೂರ್ವಪಕ್ಷ.

ಮೇಲೆ ನೋಡಿದರೆ ಇದು ನಿರುತ್ತರವಾಗಿ ಕಾಣುವುದು. ಆದರೆ ಆತಿಥ್ಯದ ಸ್ವರೂಪವು ಹಣವನ್ನು ತೆಗೆದುಕೊಳ್ಳದಿರುವುದೇ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಹಣವಿಲ್ಲದೆ ಕೊಟ್ಟುದೆಲ್ಲ ಆತಿಥ್ಯವಾಗುವ ಪಕ್ಷದಲ್ಲಿ, ಬೈದು ಬಡಿಸಿದ ಅನ್ನವೂ ಆತಿಥ್ಯವಾಗಬೇಕಷ್ಟೆ. ಭಗವದ್ಗೀತೆಯ 17ನೆಯ ಅಧ್ಯಾಯವು ಸತ್ಕಾರವಿಲ್ಲದೆ, ಅವಜ್ಞೆಯಿಂದ ಕೊಟ್ಟ ದಾನವನ್ನು ತಾಮಸವೆಂದು ಕರೆಯುತ್ತದೆ. ಸಾಲುಗಟ್ಟಿ ನಿಲ್ಲಿಸಿ, ಹೆಸರು ಕೇಳದೆ, ಮುಖ ನೋಡದೆ ಎಲೆಗೆ ಎಸೆಯುವ ಧರ್ಮಛತ್ರಗಳುಂಟು; ಕಾಸು ತೆಗೆದುಕೊಂಡರೂ ಹಸಿದವನ ಹಸಿವನ್ನು ಮೊದಲು ವಿಚಾರಿಸುವ ಮನೆಗಳೂ ಉಂಟು. ಕನ್ನಡದ ಜನಪದ ಕಥೆಗಳಲ್ಲಿ ದಾರಿಗೆಟ್ಟ ರಾಜಕುಮಾರನು ಇಳಿದುಕೊಳ್ಳುವುದು ಅಡಗೂಲಜ್ಜಿಯ ಮನೆಯಲ್ಲಿ. ಅವಳು ದುಡ್ಡು ತೆಗೆದುಕೊಂಡು ಅಡಿಗೆ ಮಾಡಿ ಬಡಿಸುವವಳು. ಆದರೂ ಕಥೆಯು ಅವಳನ್ನು ವ್ಯಾಪಾರಿಯೆನ್ನದೆ ಅಜ್ಜಿಯೆನ್ನುತ್ತದೆ. ಏತಕ್ಕೆಂದರೆ, ಊರಿನ ಸಮಾಚಾರವನ್ನೂ ಅಲ್ಲಿಯ ಅಪಾಯವನ್ನೂ ಅವನಿಗೆ ತಿಳಿಸುವವಳು ಅವಳೇ. ಆ ತಿಳಿವಳಿಕೆಗೆ ಅವಳು ಬೆಲೆಯನ್ನು ಕಟ್ಟುವುದಿಲ್ಲ. ಆದಕಾರಣ ಹಣದ ಅಭಾವವು ಆತಿಥ್ಯದ ಲಕ್ಷಣವಲ್ಲ. ಹಣದ ಭಾವವು ಅದರ ಬಾಧಕವೂ ಅಲ್ಲ. ಲಕ್ಷಣವನ್ನು ಬೇರೆ ಕಡೆಯಲ್ಲಿ ಹುಡುಕಬೇಕು.

ಮಹಾಭಾರತದ ಶಾಂತಿಪರ್ವದಲ್ಲಿ ಜಾಜಲಿಯೆಂಬ ತಪಸ್ವಿಯು ಕಾಶಿಯ ತುಲಾಧಾರನೆಂಬ ವರ್ತಕನ ಬಳಿಗೆ ಧರ್ಮವನ್ನು ಕಲಿಯಲು ಹೋಗುತ್ತಾನೆ. ವರ್ತಕನು ತನ್ನ ಧರ್ಮವನ್ನು ತಕ್ಕಡಿಯ ಮೂಲಕವೇ ತೋರಿಸುತ್ತಾನೆ: ಅದು ಎಲ್ಲರಿಗೂ ಸಮವಾಗಿ ನಿಲ್ಲುತ್ತದೆ, ತಾನು ಕೊಂಡು ಮಾರುವುದರಲ್ಲಿ ಕಪಟವಿಲ್ಲ. ಅವನು ಲಾಭವನ್ನು ಬಿಟ್ಟೆನೆಂದು ಹೇಳುವುದಿಲ್ಲ. ಕಪಟವನ್ನು ಬಿಟ್ಟೆನೆಂದು ಹೇಳುತ್ತಾನೆ. ಈ ಭೇದವನ್ನು ಹ್ಯಾರಿ ಬೇಲಿಯ ವಿಷಯಕ್ಕೆ ಹಚ್ಚಿ ನೋಡಬಹುದು. ಊಟವು ತನ್ನ ಮನೆಯಲ್ಲಿಯೇ ಆಗುವುದೆಂಬುದನ್ನು ಅವನು ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿ, ಅವರ ಒಪ್ಪಿಗೆಯನ್ನು ಪಡೆದಿದ್ದಾನೆ. ಮರೆಮಾಡಿದ ಲಾಭವು ಕಪಟ. ತೆರೆದಿಟ್ಟ ಲಾಭವು ವೃತ್ತಿ. ಇದಲ್ಲದೆ ತೀರ್ಪು ಯಾರ ಕಡೆಗೆ ಹೋದರೂ ಅವನ ಲಾಭವು ಒಂದೇ ಆಗಿರುವುದರಿಂದ, ಪಕ್ಷಪಾತಕ್ಕೆ ಅವನಿಗೆ ಕಾರಣವೇ ಇಲ್ಲ. ತನ್ನ ಹಿತವನ್ನು ಎಲ್ಲರ ಹಿತದೊಡನೆ ಹೀಗೆ ಹೆಣೆದವನನ್ನು ಸ್ವಾರ್ಥಿಯೆಂದು ತಳ್ಳಿಹಾಕುವುದು ಸರಿಯಲ್ಲ. ಅವನಿಗೆ ಮನೆಯಲ್ಲಿಯೇ ಕುಳಿತು ಮುಂದಿನ ಗಿರಾಕಿಗಳನ್ನು ಕಾಯುವುದು ಸುಲಭವಾಗಿದ್ದಿತು. ಅವನು ಸ್ವಂತ ಖರ್ಚಿನಿಂದ ಕುದುರೆಯೇರಿ ಹೊರಟನು.

ಆದರೆ ತುಲಾಧಾರನ ಮಾತಿನಲ್ಲಿ ಇನ್ನೊಂದು ಅಂಶವಿದೆ; ಅದನ್ನು ಅನುಕೂಲಕ್ಕಾಗಿ ಮರೆಯುವುದು ಪ್ರಾಮಾಣಿಕವಲ್ಲ. ತಾನು ಮಾರುವ ನಾನಾ ರಸಗಳನ್ನು ಹೇಳುವಾಗ ಅವನು ಮದ್ಯವನ್ನು ಸ್ಪಷ್ಟವಾಗಿ ಹೊರಗಿಡುತ್ತಾನೆ. ಧರ್ಮಶಾಸ್ತ್ರಗಳು ಸುರಾಪಾನವನ್ನು ಮಹಾಪಾತಕಗಳಲ್ಲಿ ಸೇರಿಸಿವೆ. ತಕ್ಕಡಿಯು ಸಮವಾಗಿದ್ದ ಮಾತ್ರಕ್ಕೆ ಮದ್ಯದ ವ್ಯಾಪಾರವು ಶುದ್ಧವಾಗುವುದಿಲ್ಲವೆಂದೇ ಇದರ ಅಭಿಪ್ರಾಯ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಅಕ್ಕಿಯನ್ನು ಕೊಂಡವನು ಕೊಳ್ಳುವ ಮೊದಲು ಎಷ್ಟು ವಿವೇಕಿಯೋ ಕೊಂಡ ಮೇಲೆಯೂ ಅಷ್ಟೇ ವಿವೇಕಿ. ಮದ್ಯವನ್ನು ಕೊಂಡವನಾದರೋ ಮೊದಲನೆಯ ಬಟ್ಟಲನ್ನು ಕೊಳ್ಳುವಾಗ ಒಬ್ಬನು, ಐದನೆಯದನ್ನು ಕೊಳ್ಳುವಾಗ ಮತ್ತೊಬ್ಬನು. ಪದಾರ್ಥವೇ ಗಿರಾಕಿಯ ವಿವೇಚನೆಯನ್ನು ಕದಿಯುತ್ತಿರುವಾಗ, ಅವನ ಒಪ್ಪಿಗೆಯಿಂದಲೇ ಮಾರಿದೆನೆಂಬ ಸಮಾಧಾನಕ್ಕೆ ಬೆಲೆಯೇನು?

ಈ ಸಂಕಟವನ್ನು ಕೌಟಿಲ್ಯನು ಬೇರೊಂದು ರೀತಿಯಿಂದ ಎದುರಿಸಿದ್ದಾನೆ. ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ತಾಳೆಯೋಲೆಯಿಂದ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಪ್ರಕರಣವೊಂದಿದೆ. ಪಾನಾಗಾರದಲ್ಲಿ ಹಲವು ಕೋಣೆಗಳಿರಬೇಕು, ಮಲಗಲೂ ಕೂರಲೂ ಬೇರೆ ಬೇರೆ ಸ್ಥಳಗಳಿರಬೇಕು, ಗಂಧವೂ ಹೂವೂ ನೀರೂ ಋತುಗಳಿಗೆ ತಕ್ಕಂತೆ ಸುಖಕರವಾಗಿರಬೇಕು ಎಂದು ಅಲ್ಲಿ ಹೇಳಿದೆ. ಇದಕ್ಕಿಂತ ಮುಖ್ಯವಾದುದು ಮುಂದಿನ ವಿಧಿ: ಗಿರಾಕಿಯು ಮತ್ತನಾಗಿ ಮಲಗಿರುವಾಗ ಅವನ ಒಡವೆ, ಬಟ್ಟೆ, ಹಣ ಕಳೆದುಹೋದರೆ, ಮದ್ಯವನ್ನು ಮಾರಿದ ವರ್ತಕನು ಆ ನಷ್ಟವನ್ನು ತುಂಬಿಕೊಟ್ಟು, ಅಷ್ಟೇ ಮೊತ್ತದ ದಂಡವನ್ನೂ ತೆರಬೇಕು. ಕೌಟಿಲ್ಯನು ಧರ್ಮೋಪದೇಶಕ್ಕೆ ಹೊರಟವನಲ್ಲ. ಅವನಿಗೆ ರಾಜ್ಯದ ಆದಾಯವೂ ಗೂಢಚಾರರ ಅನುಕೂಲವೂ ಮುಖ್ಯ. ಆದರೂ ಅವನ ವಿಧಿಯಲ್ಲಿ ಒಂದು ನೀತಿತತ್ತ್ವವು ಅಡಗಿದೆ. ಯಾವನು ಇನ್ನೊಬ್ಬನ ಎಚ್ಚರವನ್ನು ಬೆಲೆಗೆ ಕೊಂಡುಕೊಂಡನೋ ಅವನು ಆ ಇನ್ನೊಬ್ಬನ ಪರವಾಗಿ ತಾನು ಎಚ್ಚರವಾಗಿರತಕ್ಕದ್ದು.

ಇಂಗ್ಲೆಂಡಿನ ನ್ಯಾಯಶಾಸ್ತ್ರವೂ ಸ್ವತಂತ್ರವಾಗಿ ಇದೇ ಕಡೆಗೆ ನಡೆಯಿತು. ಸಾರ್ವಜನಿಕ ವಸತಿಗೃಹದ ಯಜಮಾನನು ಬಂದ ಪ್ರಯಾಣಿಕನನ್ನು ಯುಕ್ತವಾದ ಕಾರಣವಿಲ್ಲದೆ ಹಿಂದಕ್ಕೆ ಕಳುಹಿಸಬಾರದು. ಒಳಗೆ ಬಂದವನ ಸಾಮಾನು ಕಳುವಾದರೆ ಯಜಮಾನನೇ ಹೊಣೆಗಾರನೆಂಬುದನ್ನು 1584ರ ಕೇಲಿಯ ವ್ಯಾಜ್ಯದ ತೀರ್ಪು ಸ್ಥಿರಪಡಿಸಿತು. ನಿದ್ರಿಸುವ ಪರದೇಶಿಗೆ ಆ ಊರಿನಲ್ಲಿ ಬೇರೆ ಯಾರಿದ್ದಾರೆ? ಮಲಗಲು ಕೊಟ್ಟ ಕೋಣೆಗೆ ಬಾಡಿಗೆಯನ್ನು ಕಟ್ಟಬಹುದು. ಅವನು ಮಲಗಿರುವಾಗ ಇಟ್ಟುಕೊಂಡ ನಂಬಿಕೆಗೆ ಬಾಡಿಗೆಯನ್ನು ಕಟ್ಟಲಾಗದು. 1872ರ ಕಾನೂನು ಅಮಲಿನಲ್ಲಿರುವವನಿಗೆ ಮತ್ತೆ ಮದ್ಯವನ್ನು ಮಾರುವ ಪರವಾನಗಿದಾರನಿಗೆ ದಂಡವನ್ನು ವಿಧಿಸಿತು. 2003ರ ಕಾನೂನಿನಲ್ಲಿಯೂ ಅದು ಅಪರಾಧವಾಗಿಯೇ ಇದೆ. ಆತಿಥ್ಯದ ಲಕ್ಷಣವು ಇಲ್ಲಿ ಕೈಗೆ ಸಿಕ್ಕುತ್ತದೆ. ಬಂದವನು ತನ್ನನ್ನು ತಾನು ಕಾಪಾಡಿಕೊಳ್ಳಲಾರದ ವೇಳೆಯಲ್ಲಿ ಅವನ ಹಿತವನ್ನು ಕಾಯುವುದೇ ಆ ಲಕ್ಷಣ. ಹಸಿವು, ನಿದ್ರೆ, ಅಮಲು, ಪರಸ್ಥಳ ಎಂಬ ನಾಲ್ಕೂ ಇಂತಹ ವೇಳೆಗಳೇ.

ಈ ಒರೆಗಲ್ಲಿಗೆ ಹ್ಯಾರಿ ಬೇಲಿಯನ್ನು ಹಚ್ಚಿದರೆ ಚಿನ್ನವೂ ಕಾಣುತ್ತದೆ, ಬೆರಕೆಯೂ ಕಾಣುತ್ತದೆ. ಯೋಧನಿಂದ ಹಿಡಿದು ಬಡ ಪಾದ್ರಿಯ ತಮ್ಮನಾದ ಉಳುವವನವರೆಗೆ ಎಲ್ಲ ಅಂತಸ್ತಿನವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ, ಎಲ್ಲರಿಗೂ ಮಾತನಾಡುವ ಸರದಿಯನ್ನು ಕೊಡುವುದು ಅವನ ದೊಡ್ಡ ಗುಣ. ಅವನು ಆಣೆಯಿಟ್ಟು ಮಾತನಾಡಿದಾಗ ಪಾದ್ರಿಯು ಆಕ್ಷೇಪಿಸುತ್ತಾನೆ; ಯಜಮಾನನು ಹಾಸ್ಯಮಾಡಿದರೂ ಪಾದ್ರಿಯ ಸರದಿಯನ್ನು ಕಸಿದುಕೊಳ್ಳುವುದಿಲ್ಲ; ಕೊನೆಯ ಮಾತು ಆ ಪಾದ್ರಿಯದೇ ಆಗುತ್ತದೆ. ಪಾಪಕ್ಷಮೆಯ ಪತ್ರಗಳನ್ನು ಮಾರುವವನೊಬ್ಬನು ಎಲ್ಲರಿಗಿಂತ ಹೆಚ್ಚು ಪಾಪದಲ್ಲಿ ಮುಳುಗಿದವನು ಯಜಮಾನನೇ ಎಂದು ಕೆಣಕಿದಾಗ ಬೇಲಿಯು ತಾಳ್ಮೆಗೆಟ್ಟು ಹೊಲಸು ಮಾತಿನಿಂದ ಅವನ ಬಾಯಿ ಮುಚ್ಚಿಸುತ್ತಾನೆ. ಆದರೆ ಯೋಧನು ನಡುವೆ ಬಂದಾಗ ಹಟವನ್ನು ಬಿಟ್ಟು ರಾಜಿಯಾಗುತ್ತಾನೆ. ಕೋಪ ಬಾರದವನು ಆತಿಥೇಯನೆಂದು ಯಾರೂ ಹೇಳಲಿಲ್ಲ. ಕೋಪವನ್ನು ಮರುದಿನಕ್ಕೆ ಉಳಿಸಿಕೊಳ್ಳದವನು ಆತಿಥೇಯನು.

ಬೆರಕೆಯು ಕಾಣುವುದು ಅಡಿಗೆಯವನ ಪ್ರಸಂಗದಲ್ಲಿ. ಯಾತ್ರೆಯ ಕೊನೆಯ ಭಾಗದಲ್ಲಿ ಅವನು ಮಿತಿಮೀರಿ ಕುಡಿದು, ತೂಕಡಿಸಿ, ಕುದುರೆಯಿಂದ ಕೆಳಕ್ಕೆ ಬೀಳುತ್ತಾನೆ. ಅವನನ್ನು ಎತ್ತಿ ಕೂರಿಸುವಷ್ಟರಲ್ಲಿ ಎಲ್ಲರಿಗೂ ಸಾಕಾಗುತ್ತದೆ. ಅವನನ್ನು ಬೈದ ಉಗ್ರಾಣದ ಅಧಿಕಾರಿಯು, ಮುಂದೆ ಅವನು ತನ್ನ ಲೆಕ್ಕದ ಹುಳುಕನ್ನು ಎತ್ತಿಯಾನೆಂದು ಹೆದರಿ, ಸಮಾಧಾನಕ್ಕಾಗಿ ಇನ್ನಷ್ಟು ದ್ರಾಕ್ಷಾಮದ್ಯವನ್ನು ಕುಡಿಸುತ್ತಾನೆ. ಯಜಮಾನನು ಇದನ್ನು ನೋಡಿ ಗಟ್ಟಿಯಾಗಿ ನಕ್ಕು, ಜಗಳವನ್ನು ಒಲವಾಗಿ ತಿರುಗಿಸುವ ಮದ್ಯದ ಮಹಿಮೆಯನ್ನು ಕೊಂಡಾಡುತ್ತಾನೆ. ಕಾವ್ಯದಲ್ಲಿ ಇದು ಹಾಸ್ಯ. ಧರ್ಮದೃಷ್ಟಿಯಿಂದ ಇದೇ ಅವನ ಸೋಲು. ಬಿದ್ದವನಿಗೆ ಬೇಕಾದುದು ನೀರು ಮತ್ತು ನಿದ್ರೆ. ಸಿಕ್ಕಿದುದು ಮತ್ತೊಂದು ಗುಟುಕು. ಅದರಿಂದ ಶಾಂತಿಯಾದುದು ನಿಜ. ಆದರೆ ಒಬ್ಬನ ಬುದ್ಧಿಯನ್ನು ಪೂರ್ಣವಾಗಿ ಮಲಗಿಸಿ ಪಡೆದ ಶಾಂತಿಯು ಆ ಒಬ್ಬನ ಖರ್ಚಿನಲ್ಲಿ ಉಳಿದವರು ಉಂಡ ಊಟದಂತೆ. ಆ ಮದ್ಯವು ಬೇಲಿಯು ಮಾರಿದುದಲ್ಲ, ಅವನಿಗೆ ಅದರಿಂದ ಲಾಭವೂ ಇಲ್ಲ. ಲಾಭವಿಲ್ಲದಿದ್ದರೂ ಆತಿಥ್ಯಭಂಗವಾಯಿತು, ಹಣ ತೆಗೆದುಕೊಂಡಿದ್ದರೂ ಟ್ಯಾಬರ್ಡಿನ ಊಟದಲ್ಲಿ ಆತಿಥ್ಯವಿದ್ದಿತು. ಇದರಿಂದ ಹಣವು ಧರ್ಮಾಧರ್ಮದ ಗೆರೆಯಲ್ಲವೆಂಬುದು ಸಿದ್ಧವಾಗುತ್ತದೆ.

ಇನ್ನೊಂದು ಋಣವನ್ನೂ ಇಲ್ಲಿ ಎಣಿಸಬೇಕು. ಕಾವ್ಯದ ಯಜಮಾನನು ದಾರಿಯುದ್ದಕ್ಕೂ ತನ್ನ ಹೆಂಡತಿಯ ಬಾಯಿಜೋರನ್ನು ದೂರುತ್ತಾನೆ. ಅವನು ದಿನಗಟ್ಟಲೆ ಹೊರಗಿರುವಾಗ ಟ್ಯಾಬರ್ಡಿನ ಬಾಗಿಲನ್ನು ತೆರೆದವರು ಯಾರು, ಒಲೆಯನ್ನು ಹೊತ್ತಿಸಿದವರು ಯಾರು ಎಂಬುದನ್ನು ಕವಿಯು ಹೇಳುವುದಿಲ್ಲ. ಆ ಶತಮಾನದ ಇಂಗ್ಲೆಂಡಿನಲ್ಲಿ ಏಲನ್ನು ಕುದಿಸಿ ಮಾರುತ್ತಿದ್ದವರಲ್ಲಿ ಹೆಂಗಸರೇ ಬಹಳ ಮಂದಿ. ಆತಿಥ್ಯದ ಯಶಸ್ಸನ್ನು ಗಂಡಸು ಅಂಗಳದಲ್ಲಿ ಪಡೆಯುತ್ತಾನೆ. ಅದರ ಶ್ರಮವು ಒಳಮನೆಯಲ್ಲಿ ನಡೆಯುತ್ತದೆ. ಇದು ಸದರ್ಕಿಗೆ ಮಾತ್ರ ಸಲ್ಲುವ ಮಾತಲ್ಲ. ಅತಿಥಿಯನ್ನು ದೇವರೆಂದು ಭಾವಿಸುವ ಮನೆಗಳಲ್ಲಿಯೂ ಆ ದೇವರಿಗೆ ನೈವೇದ್ಯವನ್ನು ಬೇಯಿಸಿದ ಕೈಯನ್ನು ನೆನೆಯುವವರು ಕಡಮೆ.

ಹ್ಯಾರಿ ಬೇಲಿಯ ಅನಂತರದ ಯಜಮಾನರ ಚರಿತ್ರೆಯನ್ನು ಸಂಗ್ರಹವಾಗಿ ಹೇಳಬಹುದು. 1538ರಲ್ಲಿ ಎಂಟನೆಯ ಹೆನ್ರಿಯ ಆಜ್ಞೆಯಿಂದ ಬೆಕೆಟನ ಸಮಾಧಿಯು ನಾಶವಾಯಿತು. ಅದೇ ದಶಕದ ಕೊನೆಯಲ್ಲಿ ಹೈಡ್ ಮಠವೂ ಮುಚ್ಚಿತು. ಹೀಗೆ ಟ್ಯಾಬರ್ಡು ತನ್ನ ಒಡೆಯರನ್ನೂ ಯಾತ್ರಿಕರನ್ನೂ ಒಟ್ಟಿಗೆ ಕಳೆದುಕೊಂಡಿತು; ಆದರೂ ಮನೆಯು ಉಳಿಯಿತು. ಸುಮಾರು 1600ರ ಹೊತ್ತಿಗೆ ಪ್ರೆಸ್ಟನ್ ಎಂಬ ಯಜಮಾನನು ಜೀರ್ಣವಾಗಿದ್ದ ಕಟ್ಟಡವನ್ನು ದುರಸ್ತಿಮಾಡಿಸಿ ಕೋಣೆಗಳನ್ನು ಹೆಚ್ಚಿಸಿದನೆಂದು ಚಾಸರನ ಕೃತಿಗಳ ಸಂಪಾದಕನಾದ ಸ್ಪೆಟನು ಬರೆದಿದ್ದಾನೆ. 1676ರ ಬೆಂಕಿಯಲ್ಲಿ ಸದರ್ಕಿನ ಬಹುಭಾಗದೊಡನೆ ಈ ಮನೆಯೂ ಸುಟ್ಟುಹೋಯಿತು. ಮತ್ತೆ ಕಟ್ಟಿದಾಗ ಅಂಗಿಯ ಚಿತ್ರದ ಸ್ಥಳದಲ್ಲಿ ಟಾಲ್ಬಟ್ ಎಂಬ ಬೇಟೆನಾಯಿಯ ಚಿತ್ರವು ಬಂದಿತು. ಆಬ್ರಿಯೆಂಬ ವಿದ್ವಾಂಸನು ಇದನ್ನು ಯಜಮಾನನ ಅಜ್ಞಾನವೆಂದು ದೂಷಿಸಿದನು. ಆದರೆ ಮುಂದಿನವರು ಚಾಸರನೂ ಇಪ್ಪತ್ತೊಂಬತ್ತು ಯಾತ್ರಿಕರೂ 1383ರಲ್ಲಿ ತಂಗಿದ್ದ ಮನೆಯು ಇದೇ ಎಂದು ಹಲಗೆಯ ಮೇಲೆ ಬರೆಯಿಸುವುದನ್ನು ಮರೆಯಲಿಲ್ಲ. ವಿದ್ವಾಂಸರು ಕಾವ್ಯದ ಯಾತ್ರೆಗೆ ಸಾಮಾನ್ಯವಾಗಿ ಹೇಳುವ ವರ್ಷವು 1387. ಕಟ್ಟಡವಾದರೋ ಬೆಂಕಿಯ ಅನಂತರದ್ದು. ಹೆಸರನ್ನು ಕಳೆದವನದು ಅಜ್ಞಾನ. ಇಲ್ಲದ ಗೋಡೆಗಳ ಕೀರ್ತಿಯನ್ನು ಮಾರಿದವನದು ತುಲಾಧಾರನು ಬಿಟ್ಟ ಕಪಟ. ಎರಡನ್ನೂ ಹೋಲಿಸಿದರೆ ಮೊದಲನೆಯದೇ ವಾಸಿ.

1836ರಲ್ಲಿ ಲಂಡನ್ ಸೇತುವೆಯ ರೈಲುನಿಲ್ದಾಣವು ಬಂದಿತು. ಕುದುರೆಗಾಡಿಗಳು ನಿಂತವು, ದಾರಿಯಲ್ಲಿ ರಾತ್ರಿಯನ್ನು ಕಳೆಯಬೇಕಾದ ಅಗತ್ಯವೇ ಇಲ್ಲದಂತಾಯಿತು. ನಡೆಯುವವನಿಗೆ ಬೇಕಾಗಿದ್ದ ಮನೆಯು ಹಾರುವಂತೆ ಓಡುವವನಿಗೆ ಬೇಡವಾಯಿತು. 1873ರಲ್ಲಿ ಅದನ್ನು ಕೆಡವಿದರು. ಹತ್ತಿರದ ಜಾರ್ಜ್ ಎಂಬ ಪಾನಗೃಹವು ಮಾತ್ರ, 1677ರಲ್ಲಿ ಮರಳಿ ಕಟ್ಟಿದುದು, ಒಂದು ಪಾರ್ಶ್ವದಷ್ಟು ಉಳಿದು, 1937ರಿಂದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ರಕ್ಷಣೆಯಲ್ಲಿದೆ. ಟ್ಯಾಬರ್ಡ್ ಇದ್ದ ಓಣಿಗೆ ಟಾಲ್ಬಟ್ ಯಾರ್ಡ್ ಎಂಬ ಹೆಸರಿದೆ. 2003ರಲ್ಲಿ ಅಲ್ಲಿ ಒಂದು ಸ್ಮಾರಕಫಲಕವನ್ನು ಅನಾವರಣ ಮಾಡಿದರು. ಚಾಸರನು 1400ರಲ್ಲಿ ಕಾಲವಾದನು. ಕಾವ್ಯವು ಇಪ್ಪತ್ತನಾಲ್ಕು ಕಥೆಗಳಿಗೆ ನಿಂತಿತು. ಯಾತ್ರಿಕರು ಹಿಂದಿರುಗಿದುದನ್ನಾಗಲಿ ಗೆದ್ದವನಿಗೆ ಊಟವನ್ನು ಬಡಿಸಿದುದನ್ನಾಗಲಿ ಅವನು ಬರೆಯಲಿಲ್ಲ. ಯಜಮಾನನಿಗೆ ಬರಬೇಕಾಗಿದ್ದ ಲಾಭವು ಬರಲೇ ಇಲ್ಲ. ಅವನು ಬೆಲೆಯಿಲ್ಲದೆ ಕೊಟ್ಟುದು ಮಾತ್ರ ಉಳಿಯಿತು.

ಹಾಗಾದರೆ ತುಲಾಧಾರನ ನಿಷೇಧದ ಗತಿಯೇನು? ಅದು ಸುಳ್ಳಾಗುವುದಿಲ್ಲ. ಮದ್ಯವನ್ನು ಮಾರದಿರುವುದು ನಿರಪಾಯವಾದ ಮಾರ್ಗವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ವೃತ್ತಿಯಲ್ಲಿ ಹುಟ್ಟಿದವನಿಗೂ ಸಿಕ್ಕಿಕೊಂಡವನಿಗೂ ಧರ್ಮದ ಬಾಗಿಲು ಮುಚ್ಚಿದೆಯೆಂದು ಹೇಳುವ ಧೈರ್ಯವು ಕನ್ನಡನಾಡಿಗಂತೂ ಸಲ್ಲದು. 12ನೆಯ ಶತಮಾನದ ಶರಣರ ಸಮೂಹದಲ್ಲಿ ಹೆಂಡದ ಮಾರಯ್ಯನೆಂಬವನಿದ್ದನು. ಧರ್ಮೇಶ್ವರಲಿಂಗವೆಂಬುದು ಅವನ ವಚನಗಳ ಅಂಕಿತ. ಅವನ ಹೆಸರಿನಿಂದ ಹೆಂಡವನ್ನು ಕಿತ್ತುಹಾಕುವ ಅಗತ್ಯವು ಶರಣರಿಗೆ ತೋರಲಿಲ್ಲ. ಅಂಕಿತದಲ್ಲಿ ಧರ್ಮವು ಸೇರುವುದಕ್ಕೆ ಅದು ಅಡ್ಡಿಯೂ ಆಗಲಿಲ್ಲ. ವೃತ್ತಿಯು ಎಷ್ಟು ಅಪಾಯಕರವೋ ವೃತ್ತಿಗಾರನ ಎಚ್ಚರವು ಅಷ್ಟು ಹೆಚ್ಚಾಗಬೇಕೆಂಬುದೇ ಇಲ್ಲಿಯ ಪಾಠ. ಅಪಾಯವೇ ಇಲ್ಲವೆನ್ನುವುದು ಪಾಠವಲ್ಲ.

ಆದ್ದರಿಂದ ಸಿದ್ಧಾಂತವಿದು: ಅನ್ನಪಾನಗಳಿಗೆ ಬೆಲೆಯುಂಟು, ಕೋಣೆಗೆ ಬಾಡಿಗೆಯುಂಟು, ಅವನ್ನು ತೆಗೆದುಕೊಳ್ಳುವುದರಿಂದ ಆತಿಥ್ಯವು ಕೆಡುವುದಿಲ್ಲ. ಬೆಲೆಯೆಲ್ಲ ಸಂದಾಯವಾದ ಮೇಲೆಯೂ ಬಂದವನ ಮೇಲೆ ಕಣ್ಣಿಟ್ಟು, ಅವನ ದೌರ್ಬಲ್ಯವನ್ನು ತನ್ನ ಆದಾಯಕ್ಕಾಗಲಿ ತನ್ನ ನಗೆಗಾಗಲಿ ಉಪಯೋಗಿಸದೆ ಕಾಯುವವನಲ್ಲಿ ಆತಿಥ್ಯವು ನೆಲಸಿರುತ್ತದೆ. ತುಂಬಿದ ಬಟ್ಟಲನ್ನು ಮುಂದಿಡುವುದು ಯಾವ ವ್ಯಾಪಾರಿಗೂ ತಿಳಿದ ವಿದ್ಯೆ. ಇನ್ನು ಸಾಕೆಂದು ಹೇಳಿ, ಬರಬೇಕಾದ ಕಾಸನ್ನು ಬಿಟ್ಟು, ಬಟ್ಟಲನ್ನು ಹಿಂದಕ್ಕೆ ಸರಿಸುವ ಕೈ ಮಾತ್ರ ಆತಿಥೇಯನದು.